ಸೊಂಟದ ಮೂಳೆ ತೋಳಿಗೆ: ಮೈಸೂರಿನಲ್ಲಿ ಮಾಡಿಸಿಕೊಂಡ ಮೂಳೆ ಕಸಿಯ ವಿಮರ್ಶೆ

ಕೊಡಗಿನ ಸುಂಟಿಕೊಪ್ಪದ ಸಮೀಪದ ಶಾಲೆಯೊಂದರಲ್ಲಿ ಕನ್ನಡ ಕಲಿಸುವ ನಾನು, ಬಲತೋಳಿನ ಮೂಳೆ ಮುರಿದು, ಒಂದು ಶಸ್ತ್ರಚಿಕಿತ್ಸೆಯಾದರೂ ಅದು ಕೂಡದೆ, ಕೊನೆಗೆ ನನ್ನದೇ ಸೊಂಟದ ಮೂಳೆಯನ್ನು ತೆಗೆಸಿ ಆ ಜಾಗಕ್ಕೆ ತುಂಬಿಸಿಕೊಂಡೆ. ಈ ಚಿಕಿತ್ಸೆ ನಡೆದದ್ದು ಮೈಸೂರಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ. ಹೊಗಳಿಕೆಯ ಜೊತೆಗೆ ದೂರುಗಳೂ ಇರುವುದರಿಂದ ಅದರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಎರಡು ವರ್ಷ ಕಾದು ಬರೆಯುತ್ತಿರುವುದಕ್ಕೂ ಕಾರಣವಿದೆ: ಮೂಳೆ ಕಸಿಯ ವಿಮರ್ಶೆಯನ್ನು ಡಿಸ್ಚಾರ್ಜ್ ಆದ ವಾರದಲ್ಲೇ ಬರೆದರೆ ಕ್ಯಾಂಟೀನಿನ ಇಡ್ಲಿ ಹೇಗಿತ್ತು ಎಂಬುದನ್ನು ಬಿಟ್ಟು ಬೇರೇನೂ ಹೇಳಲಾಗುವುದಿಲ್ಲ. ಇಡ್ಲಿ ಚೆನ್ನಾಗಿತ್ತು.

2022ರ ಜೂನ್ ಕೊನೆಯ ವಾರ, ಮಳೆ ಹಿಡಿದು ಮೂರು ದಿನವಾಗಿದ್ದಾಗ, ತೋಟದಿಂದ ಹರಿದುಬಂದು ತಿರುವಿನಲ್ಲಿ ಹರಡಿಕೊಂಡಿದ್ದ ಕೆಂಪು ಮಣ್ಣಿನ ಮೇಲೆ ನನ್ನ ಸ್ಕೂಟರ್ ಜಾರಿತು. ತೋಳಿನ ಮೂಳೆ ನಡುಭಾಗದಲ್ಲಿ ಮೂರು ಚೂರಾಗಿತ್ತು. ಒಂದು ಚೂರಿನ ತುದಿ ಚರ್ಮವನ್ನು ತೂತು ಮಾಡಿತ್ತು. ಕೈ ಮಣಿಕಟ್ಟಿನಿಂದ ಕೆಳಗೆ ಜೋತುಬಿದ್ದು, ಎಷ್ಟು ಪ್ರಯತ್ನಿಸಿದರೂ ಮೇಲೇಳುತ್ತಿರಲಿಲ್ಲ. ರೇಡಿಯಲ್ ಎಂಬ ನರ ತೋಳಿನ ಮೂಳೆಯ ಹಿಂಭಾಗದಲ್ಲಿ, ಮೂಳೆಗೆ ಅಂಟಿಕೊಂಡಂತೆ ಸುತ್ತಿ ಇಳಿಯುವುದರಿಂದ, ನಡುಮೂಳೆ ಮುರಿದವರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಹೀಗಾಗುತ್ತದೆ ಎಂದು ಆಮೇಲೆ ತಿಳಿಯಿತು. ಬಹುಪಾಲು ಜನರಿಗೆ ಅದು ತಾನಾಗಿಯೇ ಸರಿಹೋಗುತ್ತದೆ, ನನಗೂ ನಾಲ್ಕು ತಿಂಗಳಲ್ಲಿ ಸರಿಹೋಯಿತು.

ನೆಂಟರಲ್ಲಿ ಅರ್ಧ ಜನ ನಾಟಿ ಕಟ್ಟು ಹಾಕಿಸಿ ಎಂದರು. ಅವರ ಮಾತನ್ನು ನಾನು ಈಗಲೂ ಪೂರ್ತಿ ತಳ್ಳಿಹಾಕುವುದಿಲ್ಲ. ಚರ್ಮ ಒಡೆಯದ ತೋಳಿನ ಮುರಿತವನ್ನು ಆಸ್ಪತ್ರೆಯವರೂ ಎಷ್ಟೋ ಸಲ ಕೊಯ್ಯದೆ, ಪಟ್ಟಿಯಿಂದ ಹಿಡಿದಿಟ್ಟೇ ಕೂಡಿಸುತ್ತಾರೆ. ಬಿದಿರಿನ ದಬ್ಬೆ ಕಟ್ಟುವವರಿಗೆ ಹೆಸರು ಬಂದಿರುವುದೂ ಅಂಥ ಮುರಿತಗಳಿಂದಲೇ. ಆದರೆ ಗಾಯ ತೆರೆದಿದ್ದರೆ ಅದು ಬೇರೆಯೇ ಕಥೆ, ಅದಕ್ಕೆ ಎಣ್ಣೆಬಟ್ಟೆ ಸುತ್ತುವಂತಿಲ್ಲ. ಇನ್ನೊಂದು ಆಸ್ಪತ್ರೆಯಲ್ಲಿ ಗಾಯ ತೊಳೆದು, ಪ್ಲೇಟು ಮತ್ತು ಸ್ಕ್ರೂ ಹಾಕಿ ಕಳುಹಿಸಿದರು. 2023ರ ಮಾರ್ಚ್‌ನಲ್ಲಿ ಬಚ್ಚಲಲ್ಲಿ ಅರ್ಧ ಬಕೆಟ್ ನೀರು ಎತ್ತುವಾಗ ತೋಳಿನೊಳಗೆ ಏನೋ ಕದಲಿದಂತಾಯಿತು. ಎಕ್ಸ್‌ರೇಯಲ್ಲಿ ಎರಡು ಸ್ಕ್ರೂಗಳ ಸುತ್ತ ಕಪ್ಪು ಅಂಚು ಮೂಡಿತ್ತು, ಮುರಿದ ಗೆರೆ ಒಂಬತ್ತು ತಿಂಗಳ ಹಿಂದೆ ಹೇಗಿತ್ತೋ ಹಾಗೇ ಇತ್ತು. 9 ತಿಂಗಳು ಕಳೆದೂ, ಕೊನೆಯ 3 ತಿಂಗಳಲ್ಲಿ ಯಾವ ಬೆಳವಣಿಗೆಯೂ ಕಾಣದಿದ್ದರೆ ಅದನ್ನು ಕೂಡದ ಮೂಳೆ ಎಂದೇ ಲೆಕ್ಕ ಹಾಕುತ್ತಾರಂತೆ.

ಮಡಿಕೇರಿಯಲ್ಲಿ 2016ರಿಂದ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಆದರೂ ನಾವು ಮೈಸೂರನ್ನು ಆರಿಸಿಕೊಂಡದ್ದು ಭಾವನವರ ಮನೆ ಅಲ್ಲಿದೆ ಎಂಬ ಒಂದೇ ಕಾರಣಕ್ಕೆ. ಎರಡೆರಡು ಸಲ ದಾಖಲಾಗಬೇಕಾದ ಚಿಕಿತ್ಸೆಯಲ್ಲಿ ಅದು ಸಣ್ಣ ಕಾರಣವಲ್ಲ. ರೈಲಿಲ್ಲದ ಜಿಲ್ಲೆ ನಮ್ಮದು. ಕೂಡದ ತೋಳನ್ನು ಜೋಳಿಗೆಯಲ್ಲಿ ಹಾಕಿಕೊಂಡು ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು ದಾಟುವಾಗ ಪ್ರತಿಯೊಂದು ರಸ್ತೆಯುಬ್ಬಿನ ಲೆಕ್ಕವೂ ತೋಳಿಗೆ ಸಿಗುತ್ತದೆ.

ಹೊರರೋಗಿ ವಿಭಾಗದಲ್ಲಿ ಬೆಳಿಗ್ಗೆ 10 ಗಂಟೆಯ ಸಮಯ ಕೊಟ್ಟು ಒಳಗೆ ಕರೆದದ್ದು 12.40ಕ್ಕೆ. ಟೋಕನ್ ಕೂಗುವ ಹುಡುಗನಿಗೆ ಯಾರ ಸರದಿ ಯಾವುದೆಂದು ಕೊನೆಯವರೆಗೂ ಖಚಿತವಿರಲಿಲ್ಲ. ಒಳಗೆ ಹೋದ ಮೇಲೆ ಮಾತ್ರ ಆ ಸಿಟ್ಟೆಲ್ಲ ಇಳಿಯಿತು, ಏಕೆಂದರೆ ಶಸ್ತ್ರವೈದ್ಯರು ನಮ್ಮೊಡನೆ ಇಪ್ಪತ್ತೈದು ನಿಮಿಷ ಕುಳಿತು, ಔಷಧ ಚೀಟಿಯ ಹಿಂಬದಿಯಲ್ಲಿ ಚಿತ್ರ ಬರೆದು ವಿವರಿಸಿದರು. ಮೂಳೆ ಕೂಡದಿರುವುದಕ್ಕೆ ಮುಖ್ಯವಾಗಿ ಮೂರು ಕಾರಣ: ಹಿಡಿತ ಸಡಿಲವಾಗಿ ತುದಿಗಳು ಅಲ್ಲಾಡುವುದು, ತುದಿಗಳಿಗೆ ರಕ್ತ ಸಾಲದಿರುವುದು, ಒಳಗೆ ಸೋಂಕು ಉಳಿದಿರುವುದು. ನನ್ನ ಗಾಯ ತೆರೆದಿದ್ದರಿಂದ ಹೊರಗೆ ಕೀವು ಕಾಣದಿದ್ದರೂ ಮೂರನೆಯದನ್ನು ಮೊದಲು ಅನುಮಾನಿಸಬೇಕು ಎಂದರು. ಒಳಗೆ ಉರಿಯೂತವಿದ್ದರೆ ಸುಳಿವು ಕೊಡುವ ಇಎಸ್‌ಆರ್, ಸಿಆರ್‌ಪಿ ಎಂಬ ರಕ್ತಪರೀಕ್ಷೆ ಬರೆದರು, ಸಕ್ಕರೆ ನೋಡಿಸಿದರು, ಹೊಗೆಸೊಪ್ಪು ಹಾಕುವ ಅಭ್ಯಾಸವಿದೆಯೇ ಎಂದು ಕೇಳಿದರು. ತಂಬಾಕು ಯಾವ ರೂಪದಲ್ಲಿ ಒಳಹೋದರೂ ಮೂಳೆ ಕೂಡುವುದಕ್ಕೆ ಅಡ್ಡಿಯಂತೆ. ವಿಟಮಿನ್ ಡಿ ತೀರಾ ಕಡಿಮೆ ಬಂತು. ವರ್ಷದಲ್ಲಿ ನಾಲ್ಕು ತಿಂಗಳು ಸೂರ್ಯನ ಮುಖ ಕಾಣದ ಊರಿನವರಿಗೆ ಅದರಲ್ಲಿ ಆಶ್ಚರ್ಯವೇನಿಲ್ಲ. ವಾರಕ್ಕೊಮ್ಮೆ ಹಾಲಿಗೆ ಹಾಕಿ ಕುಡಿಯಲು 60,000 ಯೂನಿಟ್ಟಿನ ಪುಡಿಯ ಚೀಟಿ ಬರೆದುಕೊಟ್ಟರು.

ಕಸಿ ಎಂಬ ಮಾತು ಬಂದಾಗ ನಮ್ಮ ಮನೆಯವರು, “ಡಾಕ್ಟ್ರೇ, ನಾವು ಹಿಪ್ಪಲಿ ಗಿಡಕ್ಕೆ ಕಾಳುಮೆಣಸು ಕಸಿ ಕಟ್ಟುತ್ತೇವಲ್ಲ, ಹಾಗೆಯಾ?” ಎಂದು ಕೇಳಿದರು. ಇಂಥ ಪ್ರಶ್ನೆಗೆ ನಕ್ಕು ಸುಮ್ಮನಾಗುವ ವೈದ್ಯರನ್ನು ನಾನು ಕಂಡಿದ್ದೇನೆ. ಇವರು ಪೆನ್ನು ಕೆಳಗಿಟ್ಟು ಉತ್ತರಿಸಿದರು: “ಅಲ್ಲ. ನಿಮ್ಮ ಕಸಿಕಡ್ಡಿ ತಾನೇ ಬದುಕಿ ಚಿಗುರುತ್ತದೆ. ನಾವು ಇಡುವ ಮೂಳೆಯಲ್ಲಿ ಬಹುಪಾಲು ಸಾಯುತ್ತದೆ. ಇವರ ತೋಳು ಅದನ್ನು ಸ್ವಲ್ಪ ಸ್ವಲ್ಪವೇ ಕರಗಿಸಿಕೊಂಡು, ಆ ಜಾಗದಲ್ಲಿ ತನ್ನದೇ ಹೊಸ ಮೂಳೆ ಕಟ್ಟುತ್ತದೆ. ಗೊಬ್ಬರ ಅಂದುಕೊಳ್ಳಿ.” ತೋಟಕ್ಕೆ ಎಲುಬಿನ ಗೊಬ್ಬರ ಹಾಕಿಸುವ ನಮ್ಮ ಮನೆಯವರಿಗೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಾಗಲಿಲ್ಲ. ಕನ್ನಡದ ಶಿಕ್ಷಕಿಯಾಗಿ ನನಗೂ ಅನ್ನಿಸಿತು, ಮೂಳೆ ಕಸಿ ಎಂಬ ಪದ ಕೇಳಲು ಹಿತವಾಗಿದ್ದರೂ ಕೆಲಸದ ಸ್ವರೂಪವನ್ನು ಅದು ತಪ್ಪಾಗಿ ಹೇಳುತ್ತದೆ. ಹಾಗೆಂದು ಮೂಳೆ ಗೊಬ್ಬರ ಎಂದು ಬೋರ್ಡು ಹಾಕಿದರೆ ಯಾವ ರೋಗಿಯೂ ಒಳಗೆ ಬರಲಾರ.

ಸ್ವಂತ ಮೂಳೆಯೇ ಏಕೆ ಎಂಬುದನ್ನೂ ಕೇಳಿದೆವು. ತುಂಬಿದ ವಸ್ತು ಮೂರು ಕೆಲಸ ಮಾಡಬೇಕು: ಹೊಸ ರಕ್ತನಾಳ ಹಬ್ಬಲು ಚಪ್ಪರವಾಗಬೇಕು, ಸುತ್ತಲಿನ ಜೀವಕೋಶಗಳಿಗೆ ಮೂಳೆಯಾಗಿ ಎಂದು ಸೂಚನೆ ಕೊಡಬೇಕು, ತನ್ನೊಳಗೇ ಒಂದಷ್ಟು ಜೀವಂತ ಕೋಶಗಳನ್ನು ಹೊತ್ತು ತರಬೇಕು. ಈ ಸೂಚನೆ ಮೂಳೆಯಲ್ಲೇ ಅಡಗಿದೆ ಎಂದು ಅಮೆರಿಕದ ಮಾರ್ಷಲ್ ಯೂರಿಸ್ಟ್ 1965ರಲ್ಲಿ ತೋರಿಸಿಕೊಟ್ಟರು. ಕೃತಕ ಕ್ಯಾಲ್ಸಿಯಂ ಹರಳುಗಳು ಚಪ್ಪರವಾಗಬಲ್ಲವು, ಅಷ್ಟೇ. ಮೂಳೆ ಬ್ಯಾಂಕಿನಿಂದ ಬರುವ ದಾನಿಗಳ ಮೂಳೆಯಲ್ಲಿ, ಸಂಸ್ಕರಿಸಿದ ಮೇಲೆ, ಜೀವಂತ ಕೋಶಗಳು ಉಳಿದಿರುವುದಿಲ್ಲ. ಮೂರನ್ನೂ ಒಟ್ಟಿಗೆ ಕೊಡುವುದು ರೋಗಿಯ ಸ್ವಂತ ಮೂಳೆ ಮಾತ್ರ, ಅದರಲ್ಲೂ ಸೊಂಟದ ಪಕ್ಕದ ದಿಣ್ಣೆಯೊಳಗಿನ ಮೆತ್ತನೆಯ, ಸ್ಪಂಜಿನಂಥ ಮೂಳೆ. ತೋಳನ್ನು ಮೂರು ಸೆಂಟಿಮೀಟರಿನಷ್ಟು ಗಿಡ್ಡ ಮಾಡಿ ತುದಿಗಳನ್ನು ನೇರವಾಗಿ ಕೂಡಿಸಿಬಿಡುವ ದಾರಿಯೂ ಇದೆಯಂತೆ. ಕಾಲಿನಂತೆ ಅಲ್ಲ, ತೋಳು ಅಷ್ಟು ಗಿಡ್ಡವಾದರೂ ಕೆಲಸ ನಿಲ್ಲುವುದಿಲ್ಲ. ಅಂತರ ತೀರಾ ಉದ್ದವಾದರೆ ಮೊಣಕಾಲ ಕೆಳಗಿನ ಸಣ್ಣ ಮೂಳೆಯನ್ನು ರಕ್ತನಾಳ ಸಮೇತ ತಂದು, ಸೂಕ್ಷ್ಮದರ್ಶಕದ ಕೆಳಗೆ ನಾಳಕ್ಕೆ ನಾಳ ಹೊಲಿಯಬೇಕು. ನನ್ನದು ಎಷ್ಟು ಎಂಬುದು ತೆರೆದ ಮೇಲೆಯೇ ಗೊತ್ತಾಗಬೇಕಿತ್ತು.

ಮೊದಲ ಹಂತ ಮೇ ಕೊನೆಯಲ್ಲಿ, ಶಾಲೆಗೆ ಬೇಸಿಗೆ ರಜೆಯಿದ್ದಾಗ ನಡೆಯಿತು. ಅದಕ್ಕೆ ಎರಡು ವಾರ ಮೊದಲೇ ಎಲ್ಲ ಆ್ಯಂಟಿಬಯೋಟಿಕ್ ನಿಲ್ಲಿಸಲು ಹೇಳಿದ್ದರು, ಇಲ್ಲವಾದರೆ ಪ್ರಯೋಗಾಲಯದಲ್ಲಿ ರೋಗಾಣು ಬೆಳೆಯದೆ ಸೋಂಕು ಇಲ್ಲವೆಂಬ ಸುಳ್ಳು ವರದಿ ಬರಬಹುದು. ಹಳೆಯ ಪ್ಲೇಟು ತೆಗೆದು, ಸತ್ತ ಮೂಳೆಯನ್ನು ಅಂಚಿನಲ್ಲಿ ಸಣ್ಣ ಸಣ್ಣ ರಕ್ತದ ಚುಕ್ಕೆ ಮೂಡುವವರೆಗೆ ಕೆತ್ತಿ, ಐದು ಚೂರುಗಳನ್ನು ಬೇರೆ ಬೇರೆ ಡಬ್ಬಿಯಲ್ಲಿ ಪರೀಕ್ಷೆಗೆ ಕಳುಹಿಸಿದರು. ಮೂರರಲ್ಲಿ ರೋಗಾಣು ಬೆಳೆಯಿತು. ಕೆತ್ತಿದ ಮೇಲೆ ಉಳಿದ ಅಂತರ ನಾಲ್ಕು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಆ ಜಾಗದಲ್ಲಿ ಆ್ಯಂಟಿಬಯೋಟಿಕ್ ಬೆರೆಸಿದ ಮೂಳೆ ಸಿಮೆಂಟಿನ ಒಂದು ಗಟ್ಟಿಯನ್ನು ಇಟ್ಟು ಹೊಸ ಪ್ಲೇಟು ಬಿಗಿದರು.

ಸಿಮೆಂಟು ಮೂಳೆಯ ಬದಲಿಗೆ ಎಂದು ನಾನು ತಿಳಿದಿದ್ದೆ. ಅದು ಬರೀ ಜಾಗ ಹಿಡಿಯುವುದಕ್ಕಲ್ಲವಂತೆ. ದೇಹ ಈ ಹೊರಗಿನ ವಸ್ತುವಿನ ಸುತ್ತ ಆರೆಂಟು ವಾರಗಳಲ್ಲಿ ಒಂದು ತೆಳುಪೊರೆಯನ್ನು ಕಟ್ಟುತ್ತದೆ; ಆ ಪೊರೆಯಲ್ಲಿ ರಕ್ತನಾಳಗಳೂ ಮೂಳೆ ಬೆಳೆಸುವ ಸ್ರಾವಗಳೂ ಇರುತ್ತವೆ. ಎರಡನೆಯ ಸಲ ತೆರೆದಾಗ ಪೊರೆಯನ್ನು ಹರಿಯದಂತೆ ಸೀಳಿ, ಸಿಮೆಂಟು ತೆಗೆದು, ಅದೇ ಚೀಲದೊಳಗೆ ಸೊಂಟದ ಮೂಳೆಯ ಚೂರುಗಳನ್ನು ತುಂಬಿ ಹೊಲಿಯುತ್ತಾರೆ. ಫ್ರಾನ್ಸಿನ ಶಸ್ತ್ರವೈದ್ಯ ಮಾಸ್ಕ್ಲೆ 1980ರ ದಶಕದಲ್ಲಿ ರೂಪಿಸಿದ ಕ್ರಮ ಇದು. ನನಗೆ ಕೇಳಿದ ಕೂಡಲೇ ನೆನಪಾದದ್ದು ಹಲಸಿನ ತೊಳೆ: ತುದಿ ಸೀಳಿ, ಬೀಜ ಹೊರಗೆ ಜಾರಿಸಿ, ತೊಳೆ ಮಾತ್ರ ಉಳಿಸಿಕೊಳ್ಳುವ ಕೆಲಸ. ಮರುದಿನದ ರೌಂಡ್ಸ್‌ನಲ್ಲಿ ವೈದ್ಯರಿಗೆ ಹೇಳಿದಾಗ ಅವರು ಜೊತೆಗಿದ್ದ ಕಿರಿಯ ವೈದ್ಯರಿಗೆ, “ಬರೆದುಕೊಳ್ಳಿ, ಪರೀಕ್ಷೆಯಲ್ಲಿ ಬರುತ್ತದೆ” ಎಂದರು.

ಎರಡನೆಯ ಹಂತ ಜುಲೈ ನಾಲ್ಕನೆಯ ವಾರ. ಇಲ್ಲಿಗೆ ನನ್ನ ಮುಖ್ಯ ದೂರಿಗೆ ಬರುತ್ತೇನೆ. ತೋಳಿನ ಬಗ್ಗೆ ಅಷ್ಟೆಲ್ಲ ಚಿತ್ರ ಬರೆದು ಹೇಳಿದವರು ಸೊಂಟದ ಬಗ್ಗೆ ಹೇಳಿದ್ದು ಒಂದೇ ವಾಕ್ಯ: “ಅಲ್ಲಿ ಸ್ವಲ್ಪ ನೋವಿರುತ್ತದೆ.” ಒಪ್ಪಿಗೆ ಪತ್ರದಲ್ಲಿ ಅದಕ್ಕೆ ಸಿಕ್ಕ ಜಾಗವೂ ಒಂದೇ ಸಾಲು. ಎಚ್ಚರವಾದಾಗ ತೋಳು ನರಕ್ಕೆ ಕೊಟ್ಟ ಚುಚ್ಚುಮದ್ದಿನಿಂದ ಜೋಮು ಹಿಡಿದು ಸುಮ್ಮನಿತ್ತು, ಸೊಂಟ ಸುಮ್ಮನಿರಲಿಲ್ಲ. ಮಗುವನ್ನೋ ಬಿಂದಿಗೆಯನ್ನೋ ಇಟ್ಟುಕೊಳ್ಳುವ ಆ ದಿಣ್ಣೆಯೊಳಗಿನಿಂದ ಮೂಳೆ ತೋಡಿ ತೆಗೆದಿದ್ದಾರೆ ಎಂಬುದು ಮಂಚದಿಂದ ಏಳುವಾಗ, ಕೆಮ್ಮುವಾಗ, ಶೌಚಾಲಯದಲ್ಲಿ ಕುಳಿತೇಳುವಾಗ ಪ್ರತಿ ಸಲವೂ ತಿಳಿಯುತ್ತಿತ್ತು. ಮೊದಲ ಹತ್ತು ದಿನ ನಾನು ಕುಂಟಿದ್ದು ತೋಳಿನ ರೋಗಿಯಾಗಿ! ವಾರ್ಡಿಗೆ ನೋಡಲು ಬಂದವರೆಲ್ಲ ಪಟ್ಟಿ ಕಟ್ಟಿದ ತೋಳನ್ನು ನೋಡಿ, ನಡಿಗೆಯನ್ನು ನೋಡಿ, ಎರಡಕ್ಕೂ ತಾಳೆ ಹಾಕಲಾಗದೆ ಮುಖ ಮುಖ ನೋಡಿಕೊಂಡರು.

ನೋವು ಆರು ವಾರದಲ್ಲಿ ಕಡಿಮೆಯಾಯಿತು. ಉಳಿದದ್ದು ಬೇರೆ. ಹೊಲಿಗೆ ಬಿದ್ದ ಗೆರೆ ಸರಿಯಾಗಿ ಲಂಗದ ಲಾಡಿ ಕೂರುವ ಜಾಗದಲ್ಲೇ ಇದೆ. ಸೀರೆ ಉಟ್ಟು ಆರು ಗಂಟೆ ತರಗತಿಯಲ್ಲಿ ನಿಲ್ಲುವ ಹೆಂಗಸಿನ ಸೊಂಟದಲ್ಲಿ ಆ ಗೆರೆ ಎಲ್ಲಿ ಬೀಳಬಾರದು ಎಂದು ಯೋಚಿಸಲು ಮೈಕ್ರೋಸರ್ಜರಿ ಕಲಿಯಬೇಕಾಗಿಲ್ಲ. ಮೊದಲೇ ಸೀರೆ ಉಡಿಸಿ ಲಾಡಿಯ ಗುರುತು ಎಲ್ಲಿದೆ ಎಂದು ನೋಡಿದ್ದರೆ ಸಾಕಿತ್ತು. ಸುಮಾರು ಎಂಟು ತಿಂಗಳು ನಾನು ಚೂಡಿದಾರ್ ಹಾಕಿಕೊಂಡೇ ಶಾಲೆಗೆ ಹೋದೆ, ಅದಕ್ಕೂ ಲಾಡಿಯ ಬದಲು ಎಲಾಸ್ಟಿಕ್ ಹೊಲಿಸಿಕೊಂಡು. ತೊಡೆಯ ಹೊರಭಾಗದಲ್ಲಿ ಅಂಗೈಯಷ್ಟಗಲ ಜೋಮು ಇನ್ನೂ ಇದೆ. ಅಲ್ಲಿ ಚರ್ಮಕ್ಕೆ ಹೋಗುವ ಒಂದು ನರ ಈ ದಿಣ್ಣೆಯ ಮುಂತುದಿಯ ಹತ್ತಿರವೇ ಹಾದುಹೋಗುತ್ತದೆ, ಮೂಳೆ ತೆಗೆಯುವಾಗ ಅದಕ್ಕೆ ಪೆಟ್ಟಾಗುವುದು ಎಲ್ಲರಿಗೂ ತಿಳಿದ ಸಂಗತಿ ಎಂದು ಆಮೇಲೆ ಹೇಳಿದರು. ಎಲ್ಲರಿಗೂ ಎಂದರೆ ವೈದ್ಯರಿಗೆ. ಈ ನೋವಿಗೆ ಹೆದರಿ ನಾನು ಚಿಕಿತ್ಸೆ ಬೇಡ ಎನ್ನುತ್ತಿದ್ದೆನೇ? ಖಂಡಿತ ಇಲ್ಲ. ಹೇಳಿದ್ದರೆ ತಯಾರಾಗಿರುತ್ತಿದ್ದೆ, ಎಡಗೈಯಿಂದ ಹಿಡಿದು ಏಳಲು ಮಂಚದ ಪಕ್ಕ ಒಂದು ಹಗ್ಗ ಕಟ್ಟಿಸುತ್ತಿದ್ದೆ, ಅಷ್ಟೆ.

ದಾದಿಯರ ಬಗ್ಗೆ ಹೇಳಬೇಕಾದ ಒಂದು ಪ್ರಸಂಗವಿದೆ. ನಾನು ಮನೆಗೆ ಬಂದ ವಾರದಲ್ಲೇ ಆಗಸ್ಟ್ 3, ಕೊಡಗಿನಲ್ಲಿ ಮದ್ದುಸೊಪ್ಪು ತಿನ್ನುವ ಕಕ್ಕಡ ಹದಿನೆಂಟು ಬಂತು. ಪಕ್ಕದ ಕೊಡವ ಮನೆಯ ಅಕ್ಕ, ಮುರಿದವರಿಗೆ ಒಳ್ಳೆಯದು ಎಂದು ಮದ್ದುಸೊಪ್ಪಿನ ಪಾಯಸ ತಂದುಕೊಟ್ಟರು. ಆ ಕಡುನೇರಳೆ ಪಾಯಸವನ್ನು ಎರಡು ಬಟ್ಟಲು ತಿಂದೆ. ರಾತ್ರಿ ಹನ್ನೊಂದಕ್ಕೆ ಮೂತ್ರ ಕೆಂಪಾಗಿ ಹೋಯಿತು. ಮದ್ದುಸೊಪ್ಪು ತಿಂದರೆ ಹಾಗಾಗುವುದು ನನಗೆ ಗೊತ್ತಿಲ್ಲದ್ದೇನಲ್ಲ, ಆದರೆ ಆ್ಯಂಟಿಬಯೋಟಿಕ್ ನುಂಗುತ್ತ, ಸೊಂಟ ಕೊಯ್ಯಿಸಿಕೊಂಡು ಮಲಗಿರುವಾಗ ಗೊತ್ತಿರುವುದೂ ಮರೆತುಹೋಗುತ್ತದೆ. ಡಿಸ್ಚಾರ್ಜ್ ಚೀಟಿಯಲ್ಲಿದ್ದ ವಾರ್ಡಿನ ನಂಬರಿಗೆ ಫೋನ್ ಮಾಡಿದೆ. ಎರಡನೆಯ ರಿಂಗಿಗೆ ಎತ್ತಿದ ಸಿಸ್ಟರ್ ನನ್ನ ಹೆಸರು, ಔಷಧಗಳು, ಜ್ವರ ಎಲ್ಲವನ್ನೂ ಕೇಳಿಕೊಂಡು, ಒಂದು ಕ್ಷಣ ತಡೆದು, “ಟೀಚರ್, ನೀವು ಕೊಡಗಿನವರಲ್ವಾ? ಇವತ್ತು ಮದ್ದುಸೊಪ್ಪು ತಿಂದ್ರಾ?” ಎಂದರು. ಆಕೆ ವಿರಾಜಪೇಟೆ ಕಡೆಯವರಂತೆ. ಹಾಗೆಂದು ಅಲ್ಲಿಗೇ ಬಿಡದೆ, ನಾಳೆ ಮಧ್ಯಾಹ್ನದೊಳಗೆ ಬಣ್ಣ ತಿಳಿಯಾಗದಿದ್ದರೆ ಮತ್ತೆ ಫೋನ್ ಮಾಡಿ ಎಂದರು, ಮರುದಿನ ತಾವೇ ಫೋನ್ ಮಾಡಿ ವಿಚಾರಿಸಿದರು. ರಾತ್ರಿ ಪಾಳಿಯಲ್ಲಿ ಫೋನ್ ಎತ್ತುವ ಆಸ್ಪತ್ರೆ ಎಂಬ ಒಂದೇ ಕಾರಣಕ್ಕೆ ಇದನ್ನು ಇತರರಿಗೆ ಹೇಳಬಹುದು.

ಬಿಲ್ಲಿನಲ್ಲಿ ಕೋಣೆ, ಅರಿವಳಿಕೆ, ಪ್ಲೇಟು ಎಲ್ಲವೂ ಮೊದಲು ಹೇಳಿದ ಅಂದಾಜಿನ ಆಸುಪಾಸಿನಲ್ಲೇ ಇದ್ದವು. ಕೊನೆಯಲ್ಲಿ ಮಾತ್ರ ಕೃತಕ ಮೂಳೆ ಹರಳು ಎಂದು 18,000 ರೂಪಾಯಿ ಸೇರಿತ್ತು. ಸೊಂಟದಿಂದ ಸಿಕ್ಕ ಮೂಳೆ ಸ್ವಲ್ಪ ಕಡಿಮೆ ಬಿದ್ದಾಗ ಹರಳು ಬೆರೆಸಿ ಪ್ರಮಾಣ ಹೆಚ್ಚಿಸಿಕೊಳ್ಳುವುದು ರೂಢಿಯಲ್ಲಿರುವ ಕ್ರಮವೇ ಎಂದು ವಿಚಾರಿಸಿ ತಿಳಿದುಕೊಂಡೆ, ಅದರ ಬಗ್ಗೆ ತಕರಾರಿಲ್ಲ. ಬೇಕಾಗಬಹುದು ಎಂದು ಮೊದಲೇ ಒಂದು ಮಾತು ಹೇಳಿರಲಿಲ್ಲ. ಶಸ್ತ್ರಚಿಕಿತ್ಸಾ ಕೊಠಡಿಯ ಹೊರಗೆ ನಾಲ್ಕು ಗಂಟೆ ಕುಳಿತಿದ್ದ ನಮ್ಮ ಮನೆಯವರನ್ನಾದರೂ ಕೇಳಬಹುದಿತ್ತು. ಮುಂಬಯಿಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ 1988ರಿಂದಲೇ ಅಂಗಾಂಶ ಬ್ಯಾಂಕ್ ಇದ್ದು, ದಾನಿಗಳ ಮೂಳೆಯನ್ನು ವಿಕಿರಣದಿಂದ ಶುದ್ಧೀಕರಿಸಿ ಕೊಡುತ್ತಾರೆ. ಅಂಥದ್ದನ್ನು ತರಿಸಬಹುದಿತ್ತೇ ಎಂದು ಕೇಳಿದ್ದಕ್ಕೆ ಬಿಲ್ಲಿಂಗ್ ಕೌಂಟರಿನವರು ನನ್ನನ್ನು ಔಷಧ ಅಂಗಡಿಗೆ ಕಳುಹಿಸಿದರು, ಅಲ್ಲಿಯವರು ಮತ್ತೆ ಬಿಲ್ಲಿಂಗ್ ಕೌಂಟರಿಗೆ. ಹಿಂದೆ ರಷ್ಯಾದಲ್ಲಿ ಸೈನಿಕನೊಬ್ಬನ ಒಡೆದ ತಲೆಬುರುಡೆಗೆ ನಾಯಿಯ ಮೂಳೆ ಕೂರಿಸಿದರೆಂದೂ, ಚರ್ಚು ಅವನನ್ನು ಹೊರಗೆ ಹಾಕಿದಾಗ ಅದನ್ನು ತೆಗೆಸಲು ಹೋದರೆ ಆಗಲೇ ಕೂಡಿಬಿಟ್ಟಿತ್ತೆಂದೂ 1668ರ ಒಂದು ಡಚ್ ವೈದ್ಯಗ್ರಂಥದಲ್ಲಿ ದಾಖಲಾಗಿದೆ. ಆ ಸೈನಿಕನಿಗಾದರೂ ತನಗೆ ಏನು ಹಾಕಿದ್ದಾರೆಂದು ಗೊತ್ತಿತ್ತು.

ಇಡೀ ಸೇವೆಯಲ್ಲಿ ತೀರಾ ಸೋತದ್ದು ಫಿಸಿಯೋಥೆರಪಿಯ ವಿಷಯದಲ್ಲಿ. ಆಸ್ಪತ್ರೆಯಲ್ಲಿದ್ದ ಐದು ದಿನ ದಿನಕ್ಕೆರಡು ಸಲ ಬಂದು ಬೆರಳು, ಮಣಿಕಟ್ಟು, ಮೊಣಕೈ ಆಡಿಸಿದರು. ಡಿಸ್ಚಾರ್ಜ್ ಚೀಟಿಯಲ್ಲಿ ಮಾತ್ರ “ಫಿಸಿಯೋಥೆರಪಿ ಮುಂದುವರಿಸುವುದು” ಎಂದಷ್ಟೇ ಇತ್ತು. ಎಷ್ಟು ವಾರದವರೆಗೆ ಭಾರ ಎತ್ತಬಾರದು, ತೋಳನ್ನು ಎಷ್ಟು ತಿರುಗಿಸಬಹುದು, ಭುಜ ಯಾವಾಗ ಎತ್ತಬೇಕು, ಒಂದೂ ಇಲ್ಲ. ಕುಶಾಲನಗರದ ಫಿಸಿಯೋ ಹುಡುಗಿ ಅದನ್ನು ಓದಿ, “ಮೇಡಂ, ಇದನ್ನು ನೋಡಿ ನಾನು ಕೈ ಮುಟ್ಟೋಕೆ ಹೆದರಿಕೆ ಆಗತ್ತೆ” ಎಂದು ನೇರವಾಗಿ ಹೇಳಿದಳು. ಅವಳ ಹೆದರಿಕೆ ನ್ಯಾಯವಾದದ್ದೇ. ಮೈಸೂರಿಗೆ ಮೂರು ಸಲ ಫೋನ್ ಮಾಡಿ, ಕೊನೆಗೆ ವೈದ್ಯರೇ ವಾಟ್ಸಾಪಿನಲ್ಲಿ ಬರೆದು ಕಳುಹಿಸುವ ಹೊತ್ತಿಗೆ ಹದಿನೆಂಟು ದಿನ ಕಳೆದಿತ್ತು, ಅಷ್ಟರಲ್ಲಿ ಮೊಣಕೈ ಬಿಗಿದುಕೊಂಡಿತ್ತು. ಈಗಲೂ ಅದು ಪೂರ್ತಿ ನೇರವಾಗುವುದಿಲ್ಲ, ಅಂಗಡಿಯಲ್ಲಿ ಚಿಲ್ಲರೆಗೆ ಕೈಚಾಚಿದಾಗ ಗೊತ್ತಾಗುವಷ್ಟು ಬಾಗಿ ಉಳಿದಿದೆ. ನಮ್ಮ ಜಿಲ್ಲೆಯಿಂದ ಇಷ್ಟೊಂದು ರೋಗಿಗಳು ಬರುವಾಗ, ಊರಿನ ಫಿಸಿಯೋಗೆ ಕೊಡಲು ಕನ್ನಡದಲ್ಲಿ ಒಂದು ಹಾಳೆ ಅಚ್ಚು ಹಾಕಿಸುವುದು ಎಷ್ಟರ ಖರ್ಚು?

ಮೂಳೆಯ ಕೆಲಸ ಮಾತ್ರ ಹೇಳಿದಂತೆಯೇ ನಡೆಯಿತು. ಆರನೆಯ ವಾರದ ಎಕ್ಸ್‌ರೇಯಲ್ಲಿ ಅಂತರದ ಜಾಗ ರವೆ ಚೆಲ್ಲಿದಂತೆ ಕಾಣುತ್ತಿತ್ತು, ಮೂರನೆಯ ತಿಂಗಳಿಗೆ ರವೆ ಮೋಡವಾಯಿತು, ಆರನೆಯ ತಿಂಗಳಿಗೆ ಮೋಡದ ಒಂದು ಬದಿಯಲ್ಲಿ ಬಿಳಿ ಗೆರೆ ಮೇಲಿನಿಂದ ಕೆಳಗಿನವರೆಗೆ ಕೂಡಿತ್ತು. ನಾಲ್ಕು ಬದಿಗಳಲ್ಲಿ ಮೂರು ಬದಿ ಕೂಡಿದ ಮೇಲೆ ಭಾರ ಎತ್ತಲು ಬಿಡುತ್ತೇನೆ ಎಂದಿದ್ದ ವೈದ್ಯರು 2024ರ ಏಪ್ರಿಲ್‌ನಲ್ಲಿ ಬಿಟ್ಟರು. ಆ ಜೂನ್‌ನಲ್ಲಿ ಶಾಲೆ ಶುರುವಾದಾಗ ಕರಿಹಲಗೆಯ ಮೇಲಿನ ಅಂಚಿನಲ್ಲಿ ದಿನಾಂಕ ಬರೆಯಲು ಕೈ ಎತ್ತಿದೆ. ದಿನಾಂಕ ಬರೆದಾಯಿತು, ಪಾಠದ ಹೆಸರು ಬರೆಯುವಷ್ಟರಲ್ಲಿ ಭುಜ ನಡುಗಿ ಅಕ್ಷರ ಸೊಟ್ಟಗಾಯಿತು. ಮುಂದಿನ ಬೆಂಚಿನ ಹುಡುಗ ಅದನ್ನು ಹಾಗೇ ಸೊಟ್ಟಗೆ ನಕಲು ಮಾಡಿಕೊಂಡ.

ಶಿಕ್ಷಕಿಯಾದ್ದರಿಂದ ನಕ್ಷತ್ರಗಳ ಬದಲು ಅಂಕ ಕೊಡುತ್ತೇನೆ. ತೋಳಿನ ಶಸ್ತ್ರಚಿಕಿತ್ಸೆಗೂ ಅದಕ್ಕೆ ಮೊದಲು ಕೊಟ್ಟ ವಿವರಣೆಗೂ 90. ದಾದಿಯರಿಗೆ 95. ಕಾಯಿಸಿದ್ದಕ್ಕೂ ಬಿಲ್ಲಿಗೂ ಸೇರಿಸಿ 50. ಸೊಂಟದ ವಿಷಯದಲ್ಲಿ 40, ಫಿಸಿಯೋಥೆರಪಿಗೆ 35, ಅದೂ ವಾರ್ಡಿನಲ್ಲಿ ಬಂದ ಹುಡುಗಿಯರ ಮುಖ ನೋಡಿ ಪಾಸು ಮಾಡಿದ್ದು.

ಇಲ್ಲಿಂದ ಇಂಥ ಚಿಕಿತ್ಸೆಗೆ ಹೋಗುವವರು ಹಳೆಯ ಎಕ್ಸ್‌ರೇಗಳ ಜೊತೆಗೆ ಮೊದಲ ಶಸ್ತ್ರಚಿಕಿತ್ಸೆಯ ಪ್ಲೇಟು, ಸ್ಕ್ರೂಗಳ ಸ್ಟಿಕರನ್ನು ಕೇಳಿ ಪಡೆದು ಕೊಂಡೊಯ್ಯಬೇಕು. ಪ್ರತಿ ಪ್ಯಾಕೆಟ್ಟಿನ ಮೇಲೂ ಅದು ಇರುತ್ತದೆ, ಕಡತದಲ್ಲಿ ಅಂಟಿಸಿರುತ್ತಾರೆ. ಸ್ಕ್ರೂವಿನ ತಲೆ ಯಾವ ಬಗೆಯದೆಂದು ಗೊತ್ತಿಲ್ಲದೆ ಅದನ್ನು ಬಿಚ್ಚಲಾಗುವುದಿಲ್ಲ. ನನ್ನ ಕಡತದಲ್ಲಿ ಅದು ಇರಲಿಲ್ಲವಾದ್ದರಿಂದ ಮೂರು ಬಗೆಯ ಉಪಕರಣಗಳನ್ನು ತರಿಸಿ ಇಟ್ಟುಕೊಳ್ಳಬೇಕಾಯಿತು, ಅದರ ಬಾಡಿಗೆಯೂ ಬಿಲ್ಲಿನಲ್ಲಿತ್ತು. ಸೀರೆ ಉಡುವವರು ಶಸ್ತ್ರಚಿಕಿತ್ಸೆಯ ಹಿಂದಿನ ದಿನ, ಲಾಡಿ ಕೂರುವ ಗೆರೆಯನ್ನು ಪೆನ್ನಿನಲ್ಲಿ ಗುರುತು ಮಾಡಿ ತೋರಿಸಿ. ಕೊನೆಯ ತಪಾಸಣೆಗೆ ಹೋದಾಗ ವೈದ್ಯರಿಗೂ ಇದನ್ನೇ ಹೇಳಿದೆ. ಅವರು ನನ್ನನ್ನು ನಿಲ್ಲಿಸಿ, ಹೊಲಿಗೆಯ ಗೆರೆಯಿಂದ ಕೆಳಕ್ಕೆ ಎರಡು ಬೆರಳು ಅಳೆದು ನೋಡಿ, “ಇಲ್ಲಿ ಮಾಡಿದ್ದರೂ ಆಗುತ್ತಿತ್ತು” ಎಂದರು.